ನನ್ನ ಗಂಟು ಎಳೆದು ನೋಡಿದವರು

ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಆಸ್ಟಿನ್‌ಗೆ ಶಿಫ್ಟ್ ಆಗುವ ಗಡಿಬಿಡಿಯಲ್ಲಿದ್ದೆ. ಕ್ಲಾಸೆಟ್ಟಿನ ಮೇಲಿನ ಹಲಗೆಯಿಂದ ಹಳೆಯ ಬೆನ್ನುಚೀಲವೊಂದನ್ನು ಎಳೆದಾಗ ಬಿಳಿ ಪುಡಿ ಮುಖದ ಮೇಲೆಲ್ಲ ಉದುರಿತು. ಸೀನಿದೆ. ಸೀನಿನ ಹಿಂದೆಯೇ ಆ ವಾಸನೆ ಬಂತು. ಸೀಮೆಸುಣ್ಣ, ರಬ್ಬರು, ಯಾರ್ಯಾರದೋ ಬೆವರು… ಚೀಲದ ತಳದಲ್ಲಿ ಒಂದು ಮಾರುದ್ದದ ನೇರಳೆ ಹಗ್ಗದ ತುಂಡು ಸುರುಳಿ ಸುತ್ತಿಕೊಂಡು ಮಲಗಿತ್ತು. ಎಳೆ ಬಿಚ್ಚಿಕೊಳ್ಳದಿರಲೆಂದು ಅದರ ಎರಡೂ ತುದಿಗಳನ್ನು ಸುಟ್ಟು ಗಟ್ಟಿ ಮಾಡಲಾಗಿತ್ತು. ಸುಟ್ಟವರು ಆಂಟಿ, ತಮ್ಮ ಅಡುಗೆಮನೆಯ ಒಲೆಯಲ್ಲಿ. ಅವತ್ತು ಸ್ಮೋಕ್ ಅಲಾರಂ ಬಾಯಿ ಬಡಿದುಕೊಂಡಿತ್ತು. ಆಂಟಿ ಅದಕ್ಕೆ ಟವೆಲ್ ಬೀಸುತ್ತಾ, "ಒಗ್ಗರಣಿ ಹಾಕಿದ್ರೂ ಒದರತೈತಿ, ಹಗ್ಗ ಸುಟ್ರೂ ಒದರತೈತಿ, ಇದಕ್ಕ ಬ್ಯಾರೆ ಕೆಲಸ ಇಲ್ಲ" ಅಂದಿದ್ದರು.

ಪ್ಯಾಕಿಂಗ್ ಅಲ್ಲಿಗೇ ನಿಂತಿತು. ಡಬ್ಬಗಳ ನಡುವೆ ನೆಲದ ಮೇಲೆ ಕೂತುಬಿಟ್ಟೆ.

ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಒಮ್ಮೆಯೂ ಬಾಯಲ್ಲಿ ಬರಲಿಲ್ಲ, ಇಲ್ಲಿಯೂ ಬರುವುದಿಲ್ಲ. ಆಂಟಿ ಎಂದರೆ ಆಂಟಿ, ಅಷ್ಟೇ.

ಆಗ ನಾನು ಡಲ್ಲಾಸಿನ ಉತ್ತರಕ್ಕಿರುವ ಒಂದು ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದೆ. ಊರು ಮೈಸೂರು. ನಮ್ಮ ಮನೆಯೊಳಗಿನ ಮಾತು ದಖನಿ. ಬೀದಿಯ, ಶಾಲೆಯ, ಗೆಳತಿಯರ, ಮುಖ್ಯವಾಗಿ ಜಗಳದ ಮಾತು ಕನ್ನಡ. ಅಮೆರಿಕಕ್ಕೆ ಬಂದ ಮೇಲೆ ಅಮ್ಮಿಯ ಜೊತೆ ಫೋನಿನಲ್ಲಿ ದಖನಿ ನಡೆಯುತ್ತಿತ್ತು, ರೂಮ್‌ಮೇಟುಗಳ ಜೊತೆ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷು. ಜಗಳವಾಡುವುದಕ್ಕೆ ಮಾತ್ರ ಒಬ್ಬರೂ ಇರಲಿಲ್ಲ. ನಗಬೇಡಿ, ಅದು ದೊಡ್ಡ ಕೊರತೆ. ಕಾಳಜಿ ಇಲ್ಲದವರ ಜೊತೆ ಯಾರೂ ಜಗಳ ಆಡುವುದಿಲ್ಲವಲ್ಲ. ಎಷ್ಟೋ ಶನಿವಾರ ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಟಿರುತ್ತಿರಲಿಲ್ಲ.

ಇಂಥ ಒಂದು ಶನಿವಾರ ಕ್ಲಾಸಿನ ಹುಡುಗಿಯೊಬ್ಬಳು ಫ್ರೀ ಪಾಸ್ ಇದೆ ಎಂದು ಕ್ಲೈಂಬಿಂಗ್ ಜಿಮ್ಮಿಗೆ ಕರೆದುಕೊಂಡು ಹೋದಳು. ಡಲ್ಲಾಸ್ ಸುತ್ತಮುತ್ತ ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಹತ್ತುವ ಆಸೆಯಿದ್ದವರು ಗೋಡೌನಿನಂಥ ಕಟ್ಟಡದೊಳಗೆ ಎಬ್ಬಿಸಿದ ಗೋಡೆಗಳನ್ನೇ ಹತ್ತಬೇಕು. ಗೋಡೆಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಗಳು, ಮೇಲಿನಿಂದ ಜೋತುಬಿದ್ದ ಹಗ್ಗಗಳು, ಕೈ ಜಾರದಿರಲೆಂದು ಎಲ್ಲರೂ ಬಳಿದುಕೊಳ್ಳುವ ಸೀಮೆಸುಣ್ಣದ ಪುಡಿ. ಹಗ್ಗದ ಒಂದು ತುದಿ ಹತ್ತುವವರ ಸೊಂಟಕ್ಕೆ. ಇನ್ನೊಂದು ತುದಿ, ಕೆಳಗೆ ನಿಂತು ಹಿಡಿಯುವವರ ಸೊಂಟದಲ್ಲಿರುವ ಸಾಧನದ ಮೂಲಕ ಅವರ ಕೈಗೆ. ಈ ಹಿಡಿಯುವ ಕೆಲಸಕ್ಕೆ ಬಿಲೇ ಅನ್ನುತ್ತಾರೆ. ನನ್ನ ಕ್ಲಾಸಿನವಳಿಗೆ ಒಳಗೆ ಹೋಗುತ್ತಲೇ ಒಬ್ಬ ಪಾರ್ಟ್ನರ್ ಸಿಕ್ಕಿಬಿಟ್ಟ. ನಾನು ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿಯುವ ಬಾಡಿಗೆಯ ಹಾರ್ನೆಸ್ಸಿನೊಳಗೆ ಕಾಲು ತೂರಿಸಿಕೊಂಡು ಒಂದು ಮೂಲೆಯಲ್ಲಿ ಒದ್ದಾಡುತ್ತಿದ್ದೆ.

"ಥೂ, ಈ ಬಕಲ್ ಯಾವನ್ ಮಾಡಿದ್ನೋ!" ಅಂದೆ, ನನ್ನಷ್ಟಕ್ಕೆ.

"ಬಕಲ್ ಬರೋಬ್ಬರಿ ಐತಿ. ನೀ ಉಲ್ಟಾ ಹಾಕ್ಕೊಂಡೀ."

ತಿರುಗಿ ನೋಡಿದರೆ ಬೆಂಚಿನ ಮೇಲೆ ಒಬ್ಬ ಹೆಂಗಸು. ಅರ್ಧ ನರೆತ ಕೂದಲಿಗೆ ಗಟ್ಟಿ ಜಡೆ, ಹಳೆಯ ಚೂಡಿದಾರ, ಅದರ ಮೇಲೆ ಮಾಸಿದ ಹಾರ್ನೆಸ್ಸು, ಮಡಿಲಲ್ಲಿ ಸ್ಟೀಲಿನ ಡಬ್ಬಿ. ಡಬ್ಬಿಯೊಳಗೆ ಚಪಾತಿ, ಶೇಂಗಾ ಚಟ್ನಿ. ನನಗೆ ಅಳುವೇ ಬಂತು. ಚಟ್ನಿಗೋ ಕನ್ನಡಕ್ಕೋ ಈಗಲೂ ಹೇಳಲಾರೆ.

ಆಂಟಿಯದು ಹುಬ್ಬಳ್ಳಿ. ಮದುವೆಯಾಗಿ ಬಂದು ಅಲ್ಲೇ ಹತ್ತಿರದ ಕಾಪೆಲ್‌ನಲ್ಲಿ ಮನೆ ಮಾಡಿ ಬಹಳ ವರ್ಷಗಳಾಗಿದ್ದವು. ಅಂಕಲ್ ಬಿಸಿನೆಸ್ಸಿನ ಮೇಲೆ ಸದಾ ವಿಮಾನದಲ್ಲೇ. ಇದ್ದ ಒಬ್ಬಳೇ ಮಗಳು ಶಾಲೆಯಲ್ಲಿರುವಾಗ ಕ್ಲೈಂಬಿಂಗ್ ಹುಚ್ಚು ಹಿಡಿಸಿಕೊಂಡಳಂತೆ. ಹಿಡಿಯುವವರು ಬೇಕಲ್ಲ ಎಂದು ಆಂಟಿ ಬಿಲೇ ಕಲಿತು, ಜಿಮ್ಮಿನವರ ಪರೀಕ್ಷೆ ಪಾಸು ಮಾಡಿ, ಹಾರ್ನೆಸ್ಸಿಗೆ ಅವರ ಬಿಲ್ಲೆ ಕಟ್ಟಿಸಿಕೊಂಡರು. ವರ್ಷಗಟ್ಟಲೆ ಕತ್ತು ಮೇಲೆತ್ತಿ ಮಗಳನ್ನು ಹಿಡಿದರು. ಮಗಳು ಕಾಲೇಜಿಗೆಂದು ಆಸ್ಟಿನ್‌ಗೆ ಹೋದಳು. ಆಂಟಿ ಜಿಮ್ಮಿಗೆ ಬರುವುದನ್ನು ಬಿಡಲಿಲ್ಲ. ಹಾರ್ನೆಸ್ಸು ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು, ಡಬ್ಬಿ ಮುಗಿಸಿ ಮನೆಗೆ ಹೋಗುವುದು.

"ನೀವು ಹತ್ತಲ್ವಾ ಆಂಟಿ?" ಅಂತ ಕೇಳಿದೆ.

"ನಾ ಹಿಡ್ಯೂದು ಕಲ್ತೇನಿ. ಹತ್ತೂದು ಯಾರೂ ಹೇಳಿಲ್ಲ" ಅಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಹತ್ತತಿಯೇನ? ಹತ್ತು. ಹಿಡೀತೇನಿ."

ಹೀಗೆ ಶುರುವಾಯಿತು. ಕಾರಿಲ್ಲದವರು ಟೆಕ್ಸಾಸಿನಲ್ಲಿ ಕಾಲಿಲ್ಲದವರ ಸಮ. ಆಂಟಿಯೇ ಪ್ರತಿ ಶನಿವಾರ ಡ್ರೈವ್ ಮಾಡಿಕೊಂಡು ಬಂದು ನನ್ನನ್ನು ಹತ್ತಿಸಿಕೊಂಡು ಹೋಗುವರು. ಜಿಮ್ಮಿನಿಂದ ಅವರ ಮನೆ, ಊಟ, ಊಟದ ಮೇಲೆ ಡೈನಿಂಗ್ ಟೇಬಲ್ಲಿನ ಕಾಲಿಗೆ ಆ ನೇರಳೆ ಹಗ್ಗ ಕಟ್ಟಿಸಿ ಗಂಟಿನ ಪಾಠ. ಹತ್ತುವವರು ಹಾಕಿಕೊಳ್ಳುವ ಗಂಟು ಇಂಗ್ಲಿಷಿನ ಎಂಟರ ಆಕಾರದ್ದು. ಮೊದಲು ಒಂದು ಎಂಟು ಹಾಕಿ, ಹಗ್ಗದ ತುದಿಯನ್ನು ಹಾರ್ನೆಸ್ಸಿನೊಳಗೆ ತೂರಿಸಿ, ಅದೇ ದಾರಿಯಲ್ಲಿ ಹಿಂದಿರುಗಿ ಜೋಡಿ ಎಂಟು ಮಾಡಬೇಕು. ನಾನು ತಪ್ಪಿದರೆ ಆಂಟಿ ಬೈಯುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ. ಅಬ್ಬ, ಎಷ್ಟು ದಿನದ ಮೇಲೆ ಕನ್ನಡದಲ್ಲಿ ಜಗಳ! ಬಿಲೇ ಕಲಿಸುವಾಗಲಂತೂ ಅವರ ಬಾಯಿಗೆ ತಡೆಯೇ ಇರಲಿಲ್ಲ. "ಬಲಗೈ ಹಗ್ಗ ಬಿಟ್ರ ಮುಗೀತು. ಮೂಗು ಕಡೀತೈತಿ ಅಂದ್ರ ಎಡಗೈ. ಎಡಗೈಗೂ ಆಗ್ಲಿಲ್ಲ ಅಂದ್ರ ಕಡೀಲಿ ಬಿಡು." ನಾನೂ ಪರೀಕ್ಷೆ ಪಾಸು ಮಾಡಿದೆ.

ಜಿಮ್ಮಿನಲ್ಲಿ ಎಲ್ಲರೂ ಒಂದೇ ಇಂಗ್ಲಿಷು ಮಾತುಗಳನ್ನು ಕೂಗುತ್ತಾರೆ. ಹಾಡಿನ ಗದ್ದಲದಲ್ಲಿ ಯಾರ ಕೂಗು ಯಾರದೋ ತಿಳಿಯುವುದಿಲ್ಲ. ಅದಕ್ಕೆ ನಮ್ಮದನ್ನು ನಾವು ಕನ್ನಡದಲ್ಲೇ ಇಟ್ಟುಕೊಂಡೆವು. "ಹಿಡಿದಿದ್ದೀರಾ?" ಅಂತ ನಾನು. "ಹಿಡದೇನಿ" ಅಂತ ಅವರು. "ಹತ್ತಲಾ?" "ಹತ್ತವಾ." ಗೋಡೆಯ ತುದಿ ಮುಟ್ಟಿ ಕೆಳಗೆ ನೋಡಿದರೆ ಅಷ್ಟು ಜನರಲ್ಲಿ ಒಂದೇ ಮುಖ ನನ್ನ ಕಡೆ ಎತ್ತಿರುತ್ತಿತ್ತು. ಈ ಇಡೀ ದೇಶದಲ್ಲಿ ಆ ಹೊತ್ತು ನನ್ನನ್ನು ನೋಡುತ್ತಿದ್ದವರು ಅವರೊಬ್ಬರೇ. ನಾನು ಹತ್ತುತ್ತಿದ್ದದ್ದೇ ಅದಕ್ಕೋಸ್ಕರ ಇರಬೇಕು. ರಂಜಾನ್ ತಿಂಗಳಲ್ಲಿ ಮಾತ್ರ ಹತ್ತಲು ಬಿಡುತ್ತಿರಲಿಲ್ಲ. "ನೀರಿಲ್ದ ಮ್ಯಾಲ ಹೋಗಿ ಚಕ್ಕರ್ ಬಂದ್ರ ನಿಮ್ಮವ್ವಗ ನಾ ಏನ್ ಹೇಳ್ಲಿ?" ಎಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳುವರು. ನಾನು ಎಷ್ಟು ಬೇಡವೆಂದರೂ ಆ ದಿನಗಳಲ್ಲಿ ಡಬ್ಬಿ ತೆರೆಯುತ್ತಿರಲಿಲ್ಲ.

ಹೀಗೇ ಒಂದು ದಿನ ನಾನು ಹಟ ಹಿಡಿದೆ. ಈ ಸಲ ನೀವು ಹತ್ತಬೇಕು, ನಾನು ಹಿಡಿಯುತ್ತೇನೆ ಎಂದೆ. ಆಂಟಿ ಬೇಡವೆಂದರು, ಮಂಡಿ ನೋವೆಂದರು, ಕೊನೆಗೆ ಒಪ್ಪಿಕೊಂಡು ಹಗ್ಗ ಕಟ್ಟಿಕೊಂಡರು. ಗೋಡೆಗೆ ಎದುರಾಗಿ ನಿಂತು "ಹಿಡದೀಯೇನ?" ಅಂದರು. "ಹಿಡಿದಿದೀನಿ ಆಂಟಿ." "ಹತ್ತಲೇನ?" "ಹತ್ತಿ."

ಅವರು ಹತ್ತಲಿಲ್ಲ. ಹಾಗೇ ನನ್ನ ಕಡೆ ತಿರುಗಿದರು. "ನನ್ನ ಗಂಟು ನೋಡ್ದೆನ?"

"ನಿಮ್ಮದನ್ನ ನಾನೇನು ನೋಡೋದು ಆಂಟಿ? ನೀವೇ ಕಲ್ಸಿದ್ದು. ಸರಿಯಾಗೇ ಹಾಕಿರ್ತೀರ."

ಆಂಟಿ ಎರಡು ಬೆರಳಿನಿಂದ ಹಗ್ಗ ಹಿಡಿದು ಸುಮ್ಮನೆ ಎಳೆದರು. ಹಗ್ಗ ಹಾರ್ನೆಸ್ಸಿನಿಂದ ಸರ್ರನೆ ಜಾರಿ ನೆಲಕ್ಕೆ ಬಿತ್ತು. ಬೇಕೆಂದೇ ಅರ್ಧ ಗಂಟು ಹಾಕಿ ತುದಿಯನ್ನು ಮಡಚಿ ಸಿಕ್ಕಿಸಿದ್ದರು.

"ಮರ್ಯಾದಿ ಕೊಟ್ಟೆಲ್ಲ ನನಗ? ನಾ ಮ್ಯಾಲಿಂದ ಬಿದ್ದಿದ್ರ ನಿನ್ನ ಮರ್ಯಾದಿ ಬಂದು ಹಿಡೀತಿತ್ತೇನ?" ದನಿ ಏರಿರಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು. "ಈ ಅಮೆರಿಕದ ಮಂದಿಗೆ ಇದನ್ನ ಹೇಳೋದು ಬ್ಯಾಡ. ಅವರು ಅಪ್ಪನ ಗಂಟೂ ಎಳದು ನೋಡ್ತಾರ. ನಾವು ನೋಡೂದಿಲ್ಲ. ದೊಡ್ಡವರಿಗೆ ಹೆಂಗ ಕೇಳೂದು ಅಂತೀವಿ. ಹಗ್ಗಕ್ಕ ದೊಡ್ಡವರು ಸಣ್ಣವರು ಗೊತ್ತಾಗೂದಿಲ್ಲ, ತಂಗಿ. ಎಳದು ನೋಡು."

ಅಂದಿನಿಂದ ಅದೊಂದು ವ್ರತವಾಯಿತು. ಅವರು ಗಂಟು ಹಾಕಿ ಹೊಟ್ಟೆ ಮುಂದೆ ಮಾಡಿ ನಿಲ್ಲುವರು, ನಾನು ಎಳೆದು ನೋಡುವೆ. ನಾನು ನಿಲ್ಲುವೆ, ಅವರು ಎಳೆದು ನೋಡುವರು, ಎರಡು ಹೆಜ್ಜೆ ಮುಗ್ಗರಿಸುವಷ್ಟು ಜೋರಾಗಿ. ಆಂಟಿ ಗೋಡೆಯ ಅರ್ಧದವರೆಗೆ ಹತ್ತುತ್ತಿದ್ದರು. ಅಲ್ಲಿಂದ ಕೆಳಗೆ ನೋಡಿ, "ಮಗಳಿಗೆ ನಾ ಇಷ್ಟ ಸಣ್ಣಕ್ಕಿ ಕಾಣ್ತಿದ್ನೇನು!" ಎಂದು ಒಮ್ಮೆ ಕೂಗಿದ್ದರು. ಅಂಕಲ್ ಫೋನ್ ಮಾಡಿದರೆ, "ಊಟ ಆತೇನ್ರಿ? ಹೂಂ ರೀ, ಸದ್ಯ ನೆಲದ ಮ್ಯಾಲೇ ಅದೇನ್ರಿ" ಅನ್ನುವರು.

ನನ್ನ ಓದು ಮುಗಿದು ಕೆಲಸ ಸಿಕ್ಕಿತು, ಲೂಯಿಸ್‌ವಿಲ್‌ನಲ್ಲಿ ಈ ಅಪಾರ್ಟ್‌ಮೆಂಟು ಮಾಡಿದೆ, ಸೆಕೆಂಡ್‌ಹ್ಯಾಂಡ್ ಕಾರು ಬಂತು. ಶನಿವಾರ ಮಾತ್ರ ಬದಲಾಗಲಿಲ್ಲ. ಬದಲಾದದ್ದು ಬೇರೆ… ಆಂಟಿ ನನ್ನನ್ನು ಕೆಳಗಿಳಿಸುವಾಗ ಹಗ್ಗ ಒಂದೇ ಸಮನೆ ಬರದೆ ತಡವರಿಸತೊಡಗಿತು. ಚಹಾದ ಲೋಟ ಎಡಗೈಗೆ ಹೋಯಿತು. ಬೆಂಚಿನ ಮೇಲೆ ಕೂತಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಒಂದು ಸಲ ಡಬ್ಬಿಯ ಮುಚ್ಚಳ ತೆಗೆಯಲಾಗದೆ, "ಇದು ಬಾಳ ಬಿಗಿ ಐತಿ" ಎಂದು ನನ್ನ ಕಡೆ ತಳ್ಳಿದರು. ಮುಚ್ಚಳ ಮುಟ್ಟಿದರೆ ಬಂತು.

ಬಲಗೈ. ಹಗ್ಗ ಬಿಡಬಾರದ ಕೈ.

ನನಗೆ ಕಾಣಿಸಿತ್ತು. ಆದರೆ ಹೇಳುವುದು ಹೇಗೆ? ಹೇಳಿದರೆ ಆಂಟಿ ಬಿಲೇ ಮಾಡುವಂತಿಲ್ಲ. ಬಿಲೇ ಇಲ್ಲದಿದ್ದರೆ ಶನಿವಾರವಿಲ್ಲ, ಡಬ್ಬಿಯಿಲ್ಲ, ಬೈಗುಳವಿಲ್ಲ. ಹೇಳದಿದ್ದರೆ ಒಂದು ದಿನ ಮೇಲಿನಿಂದ ನೇರ ನೆಲಕ್ಕೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಮೈ ನೋವೆಂದು ಸುಳ್ಳು ಹೇಳಿ ಕಡಿಮೆ ಹತ್ತತೊಡಗಿದೆ. ಹತ್ತಿದರೂ ಬೀಳದ ಹಾಗೆ ಸುಲಭದ ದಾರಿಯಲ್ಲಿ, ಹಲ್ಲು ಕಚ್ಚಿಕೊಂಡು.

ಕೊನೆಗೊಂದು ಶನಿವಾರ ಗಂಟು ಹಾಕಿ ನಿಂತೆ. ಆಂಟಿ ಎಳೆದು ನೋಡಿದರು. ಆ ಎಳೆತದಲ್ಲಿ ಜೋರೇ ಇರಲಿಲ್ಲ. "ಹಿಡದೇನಿ" ಅಂದರು. ಅವರ ಸಾಧನ ಎಳೆದು ನೋಡುವ ಸರದಿ ನನ್ನದು. ನೋಡಿದೆ. ಆಮೇಲೆ ಅವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದು ನಡುಗುತ್ತಿತ್ತು.

"ಆಂಟಿ, ಹೊಟ್ಟೆಗೆ ಹಾಕ್ಕೊಳ್ಳಿ. ಈ ಕೈ ನನ್ನನ್ನ ಹಿಡಿಯಲ್ಲ."

ಅವರು ಕೈ ಬಿಡಿಸಿಕೊಳ್ಳಲಿಲ್ಲ.

"ಯಾವಾಗಿಂದ ಗೊತ್ತೈತಿ ನಿನಗ?"

"ಸ್ವಲ್ಪ ದಿನ ಆಯ್ತು."

"ಮತ್ತ ಗೊತ್ತಿದ್ದೂ ಹತ್ತಿದೆಲ್ಲ, ಹುಚ್ಚಿ!" ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಬೈದರು. "ಇಷ್ಟು ಬಡಕೊಂಡ್ರೂ ಮರ್ಯಾದಿ ಬಿಡ್ಲಿಲ್ಲ ನೀ!" ಬೈಯುತ್ತಲೇ ಕಣ್ಣಲ್ಲಿ ನೀರು ಬಂತು. ಬೆಂಚಿಗೆ ಹೋಗಿ ಕೂತರು. ಡಾಕ್ಟರು ರೋಗದ ಹೆಸರನ್ನೂ ಹೇಳಿದ್ದರಂತೆ. ಅಂಕಲ್‌ಗೆ ಮಾತ್ರ ಗೊತ್ತಿತ್ತು. ಮಗಳಿಗೂ ಹೇಳಿರಲಿಲ್ಲ.

"ತಪ್ಪು ನಂದು" ಅಂದರು. "ಗುಳಿಗಿ ತಗೊಂಡ್ರ ಕೈ ನಿಲ್ತೈತಿ ಅಂತ ನನಗ ನಾನ ಹೇಳ್ಕೊಂಡೆ. ನಾ ಹಿಡ್ಯೂದು ಬಿಟ್ರ ನೀ ಯಾಕ ಬರ್ತಿ, ಅಂತ ಅಂಜಿಕಿ."

ನಾನೂ ಅದನ್ನೇ ಅಂಜಿದ್ದೆ ಎಂದು ಹೇಳಿದೆ. ಇಬ್ಬರೂ ಅತ್ತೆವು. ಹಾರ್ನೆಸ್ಸು ಹಾಕಿಕೊಂಡು ಅಳುವ ಇಬ್ಬರು ಹೆಂಗಸರನ್ನು ನೋಡಿ ಜಿಮ್ಮಿನ ಹುಡುಗಿಯೊಬ್ಬಳು ಐಸ್ ಪ್ಯಾಕ್ ತಂದುಕೊಟ್ಟಳು. ಪಾಪ, ಎಲ್ಲೋ ಪೆಟ್ಟಾಗಿದೆ ಎಂದುಕೊಂಡಿದ್ದಳು.

ಮುಂದಿನ ವಾರ ಆಂಟಿಯೇ ಫೋನ್ ಮಾಡಿದರು. ಜಿಮ್ಮಿನಲ್ಲಿ ಆಗಾಗ ರ‍್ಯಾಪೆಲ್ ಕಲಿಸುವ ಕ್ಲಾಸ್ ಇರುತ್ತಿತ್ತು. ಗೋಡೆಯ ತುದಿಯಿಂದ ಹಗ್ಗದ ಮೇಲೆ ಭಾರ ಬಿಟ್ಟು, ಹಗ್ಗವನ್ನು ನಮ್ಮ ಕೈಯಿಂದಲೇ ಸ್ವಲ್ಪಸ್ವಲ್ಪ ಬಿಡುತ್ತಾ ಇಳಿಯುವುದು. "ಇಷ್ಟು ವರ್ಷ ಮಂದೀನ ಇಳಿಸೇನಿ. ಒಮ್ಮೆ ನನ್ನನ್ನ ನಾ ಇಳಿಸ್ಕೋಬೇಕು" ಅಂದರು. ಕಲಿಸುವವನಿಗೆ ಕೈಯ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕೆಳಗೆ ಹಗ್ಗದ ತುದಿ ಹಿಡಿದು ಕಾಯುವವರು ಬೇಕೇ ಬೇಕು ಎಂದು ಅವನು ಷರತ್ತು ಹಾಕಿದ್ದ. ಮೇಲಿನವರ ಕೈ ಹಗ್ಗ ಬಿಟ್ಟರೆ, ಕೆಳಗಿನವರು ಹಗ್ಗವನ್ನು ಬಿಗಿಯಾಗಿ ಎಳೆದರಾಯಿತು, ಸಾಧನ ಕಚ್ಚಿಕೊಂಡು ಅವರು ಇದ್ದಲ್ಲೇ ನಿಲ್ಲುತ್ತಾರೆ.

ಆ ದಿನ ಆಂಟಿ ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರು. ಹೋಗುವ ಮೊದಲು ಹೊಟ್ಟೆ ಮುಂದೆ ಮಾಡಿ ನಿಂತರು. ನಾನು ಬಕಲ್ಲುಗಳನ್ನೆಲ್ಲ ಎಳೆದು ನೋಡಿದೆ. ಮೇಲೆ ಹಗ್ಗವನ್ನು ಕಲಿಸುವವನು ನೋಡಿದ. ಗೋಡೆಯ ಅಂಚಿನಲ್ಲಿ ಬೆನ್ನು ಮಾಡಿ ನಿಂತ ಅವರ ಜಡೆ ಮಾತ್ರ ನನಗೆ ಕಾಣುತ್ತಿತ್ತು. "ಹಿಡದೀಯೇನ?" ಎಂಬ ಕೂಗು ಬಂತು. "ಹಿಡಿದಿದೀನಿ ಆಂಟಿ, ಬನ್ನಿ!"

ಮೊದಲ ಹೆಜ್ಜೆಗೆ ಕಲಿಸುವವನು ಬಹಳ ಪುಸಲಾಯಿಸಬೇಕಾಯಿತು. ಆಮೇಲೆ ಬಂದರು, ಗೋಡೆಯ ಮೇಲೆ ಹಿಂದಹಿಂದಕ್ಕೆ ನಡೆಯುತ್ತಾ, ನಿಧಾನಕ್ಕೆ. ಅರ್ಧ ದಾಟಿದ್ದರು. ಅವರ ಬಲಗೈ ಹಗ್ಗದಿಂದ ಕಳಚಿ ಪಕ್ಕಕ್ಕೆ ಜೋತುಬಿದ್ದದ್ದನ್ನು ನಾನು ನೋಡಿದೆ. ಎಳೆದೆ. ಇಡೀ ಮೈ ಭಾರ ಹಾಕಿ ಎಳೆದೆ. ಆಂಟಿ ಒಮ್ಮೆ ಜಗ್ಗಿ, ಗಾಳಿಯಲ್ಲಿ ನಿಂತರು.

ಕತ್ತು ಬಗ್ಗಿಸಿ ಕೆಳಗೆ ನೋಡಿದರು.

"ಬಿಟ್ಟೆನೇನ?" ಮೇಲಿಂದ ಸಣ್ಣ ದನಿ.

"ಬಿಟ್ರಿ ಆಂಟಿ."

"ನೀ ಹಿಡದಿ?"

"ಹಿಡಿದಿದೀನಿ."

"ಹಂಗಾರ ಸ್ವಲ್ಪ ಹೊತ್ತು ಇಲ್ಲೇ ಇರ್ತೇನಿ ತಡಿ" ಅಂದರು. ತೂಗಾಡುತ್ತಾ ಜಿಮ್ಮಿನ ಎಲ್ಲ ಗೋಡೆಗಳನ್ನೂ ಒಮ್ಮೆ ಸುತ್ತ ನೋಡಿದರು. ಎರಡೂ ಕೈ ಬಿಟ್ಟಿದ್ದರು. ನನ್ನ ತೋಳು ಉರಿಯುತ್ತಿತ್ತು. ಅಷ್ಟು ಸಂತೋಷ ನನಗೆ ಈ ದೇಶದಲ್ಲಿ ಆಮೇಲೆ ಆಗಿಲ್ಲ. ಕೊನೆಗೆ ಅವರು ಮತ್ತೆ ಹಗ್ಗ ಹಿಡಿದುಕೊಂಡರು. ನಾನು ಚೂರುಚೂರೇ ಸಡಿಲ ಬಿಡುತ್ತಾ ಅವರನ್ನು ನೆಲ ಮುಟ್ಟಿಸಿದೆ.

ಮಗಳಿಗೆ ಆ ವಾರವೇ ವಿಷಯ ಹೇಳಿದರು. ಅವಳು ಅಷ್ಟರಲ್ಲಿ ಹ್ಯೂಸ್ಟನ್‌ನಲ್ಲಿ ಕೆಲಸದಲ್ಲಿದ್ದಳು. ಕಾಪೆಲ್‌ನ ಮನೆ ಮಾರಿ ಆಂಟಿ, ಅಂಕಲ್ ಇಬ್ಬರೂ ಅವಳ ಹತ್ತಿರಕ್ಕೆ ಶಿಫ್ಟ್ ಆದರು. ಹೋಗುವ ದಿನ ಆಂಟಿ ಈ ಹಗ್ಗದ ತುಂಡನ್ನು ನನ್ನ ಚೀಲಕ್ಕೆ ತುರುಕಿದರು. "ಅಲ್ಲಿ ನನಗ ಯಾಕ ಬೇಕವಾ?" ಅಂದರು.

ಹ್ಯೂಸ್ಟನ್‌ಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಪದೇಪದೇ ಅಲ್ಲ… ದಾರಿ ದೂರ, ಕೆಲಸ, ಹೇಳಿಕೊಳ್ಳಲು ಕಾರಣಗಳಿಗೇನು ಬರ. ಕೊನೆಯ ಸಲ ಹೋದಾಗ ಅವರ ದನಿ ಬಹಳ ಮೆತ್ತಗಾಗಿತ್ತು. ಮಗಳು ಪಕ್ಕದಲ್ಲಿ ಕೂತು ಅವ್ವನ ಗಲ್ಲ ಒರೆಸುತ್ತಾ, ಇಂಗ್ಲಿಷಿನಲ್ಲೇ ನನಗೆ ಔಷಧಿಯ ವಿವರ ಹೇಳುತ್ತಿದ್ದಳು.

"ಹತ್ತಾಕ ಹೋಗ್ತೀಯೇನ?" ಎಂದು ಆಂಟಿ ಕೇಳಿದರು. ಕಿವಿ ಹತ್ತಿರ ಇಟ್ಟು ಕೇಳಿಸಿಕೊಳ್ಳಬೇಕಾಯಿತು.

"ಹೋಗ್ತೀನಿ ಆಂಟಿ. ಈಗ ಹಗ್ಗ ತಾನೇ ಎಳ್ಕೊಳ್ಳೋ ಮಷೀನ್ ಬಂದಿದೆ. ಕೊಕ್ಕೆ ಹಾಕ್ಕೊಂಡ್ರೆ ಆಯ್ತು, ಯಾರೂ ಬೇಡ."

"ಗಂಟು ಎಳದು ನೋಡತೈತೇನ ಅದು?"

"ಇಲ್ಲ."

"ಬೈತೈತೇನ?"

"ಇಲ್ಲ ಆಂಟಿ."

"ಮತ್ತ ಎಂಥಾ ಮಷೀನು" ಅಂದರು. ನಗಲು ಪ್ರಯತ್ನಿಸಿದರು.

ಹೋದ ಚಳಿಗಾಲದಲ್ಲಿ ಅಂಕಲ್ ಫೋನ್ ಮಾಡಿದರು. "ಹೋದಳವಾ" ಎಂದಷ್ಟೇ ಹೇಳಿ ಮುಂದೆ ಮಾತಾಡಲಾರದೆ ಫೋನ್ ಇಟ್ಟರು. ನಾನು ಆ ಶನಿವಾರ ಜಿಮ್ಮಿಗೆ ಹೋಗಿ, ಹಾರ್ನೆಸ್ಸು ಹಾಕಿಕೊಂಡು, ಬೆಂಚಿನ ಮೇಲೆ ಕೂತು ವಾಪಸು ಬಂದೆ. ಆಮೇಲೆ ಚೀಲವನ್ನು ಕ್ಲಾಸೆಟ್ಟಿಗೆ ಎಸೆದದ್ದು, ಇವತ್ತು ಕೈಗೆ ಸಿಕ್ಕಿದ್ದು.

ಸಾಮಾನು ಸಾಗಿಸುವವರು ಬರುವ ಹೊತ್ತಾಗಿತ್ತು. ಎದ್ದು ನಿಂತು ಹಗ್ಗವನ್ನು ಕೊಡವಿದೆ. ಕೈ ತಾನಾಗಿಯೇ ಎಂಟು ಹಾಕಿತು. ತುದಿಯನ್ನು ಸೊಂಟದ ಬೆಲ್ಟಿನ ಸುತ್ತ ತೂರಿಸಿ, ಬಂದ ದಾರಿಯಲ್ಲೇ ಹಿಂದಿರುಗಿಸಿ, ಜೋಡಿ ಎಂಟು ಮಾಡಿ ಬಿಗಿದೆ. ಹೊಟ್ಟೆ ಮುಂದೆ ಮಾಡಿ ನಿಂತೆ.

"ನೋಡಿ ಆಂಟಿ" ಅಂದೆ.

ಖಾಲಿ ಮನೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಇವತ್ತಿಡೀ ನಾನು ಆಡಿದ ಮೊದಲ ಮಾತು ಅದು. ಗಂಟು ಸರಿಯಾಗಿಯೇ ಇತ್ತು. ಎಳೆದು ನೋಡುವವರು ಇರಲಿಲ್ಲ.